ತಂತಿಯೋ, ನಿಶ್ಶಬ್ದವೋ? ಕಿವಿಯ ಮೇಲಿನ ಒಂದು ಶತಮಾನ

ಬೆಂಗಳೂರಿನಿಂದ ಶಿರಾ ದಾಟಿ ಹಿರಿಯೂರಿನತ್ತ ಹೊರಟರೆ ಹೆದ್ದಾರಿಗೆ ಅಂಟಿಕೊಂಡಂತೆ ಸಿಗುವ ಊರು ಜವನಗೊಂಡನಹಳ್ಳಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 4, ಈಗ 48 ಎನಿಸಿಕೊಂಡಿರುವ ಈ ರಸ್ತೆಯಲ್ಲಿ ಲಾರಿಗಳ ಮೊರೆತಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಇಂಥ ಕಡೆ ಬಸ್ಸಿನ ಕಿಟಕಿಗೆ ತಲೆ ಆನಿಸಿದ ಯುವಕನ ಕಿವಿಯಲ್ಲಿ ಕಾಣುವ ಪುಟ್ಟ ಬಿಳಿ ಗುಂಡಿಗೆ ಇರುವ ಚರಿತ್ರೆ ಮಾತ್ರ ಅಷ್ಟು ಪುಟ್ಟದಲ್ಲ.

ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ 1910ರಲ್ಲಿ ತನ್ನ ಅಡುಗೆ ಮನೆಯಲ್ಲಿ ಕುಳಿತು ಹೆಡ್‌ಫೋನ್ ತಯಾರಿಸಿ ನೌಕಾಪಡೆಗೆ ಕಳುಹಿಸಿದ. ಬಳಿಕ ರೇಡಿಯೊ ಬಂತು. ಆರಂಭದ ‘ಕ್ರಿಸ್ಟಲ್ ಸೆಟ್’ಗಳಿಗೆ ವಿದ್ಯುತ್ತೇ ಬೇಕಿರಲಿಲ್ಲ, ಆಕಾಶದಿಂದ ಬಂದ ತರಂಗದ ಅಲ್ಪ ಶಕ್ತಿಯೇ ಕಿವಿಯಲ್ಲಿ ಸದ್ದಾಗುತ್ತಿತ್ತು. ಆದರೆ ಅದು ಒಬ್ಬರಿಗಷ್ಟೇ. ಮನೆ ಮಂದಿಯೆಲ್ಲ ಕೇಳಬೇಕೆಂದರೆ ಹೆಡ್‌ಫೋನನ್ನು ಬೋಗುಣಿಯೊಳಗೆ ಇಟ್ಟು ಸುತ್ತ ಕೂರುವ ಉಪಾಯವೂ ಇತ್ತಂತೆ!

ಕನ್ನಡ ನಾಡಿನ ಬಾನುಲಿ ಕಥೆ ಶುರುವಾದದ್ದು ಸರ್ಕಾರದಿಂದಲ್ಲ, ಒಬ್ಬ ಮೇಷ್ಟ್ರಿಂದ. ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಪ್ರೇಷಕ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಅದರ ಹೆಸರಾದ ‘ಆಕಾಶವಾಣಿ’ ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ಸಿನಿಮಾದ ಕಥೆ ಬೇರೆ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ದಶಕಗಳ ಕಾಲ ಮದರಾಸೇ ಗತಿಯಾಗಿತ್ತು. ಆ ಪರಾವಲಂಬನೆ ತಪ್ಪಿಸಲು ಶಂಕರ್‌ನಾಗ್ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದರು. 1990ರ ಸೆಪ್ಟೆಂಬರ್ 30ರಂದು ಅವರು ಅಪಘಾತದಲ್ಲಿ ತೀರಿಕೊಂಡದ್ದು ಇದೇ ಹೆದ್ದಾರಿಯಲ್ಲಿ, ದಾವಣಗೆರೆ ಬಳಿಯ ಆನಗೋಡಿನಲ್ಲಿ.

ಸ್ಟುಡಿಯೊಗಳಲ್ಲಿ ಇವತ್ತಿಗೂ ತಂತಿಯ ಹೆಡ್‌ಫೋನೇ ಏಕೆ? ಹಳೆಯ ಚಾಳಿ ಎಂದುಕೊಂಡರೆ ತಪ್ಪಾದೀತು. ಬ್ಲೂಟೂತ್ ಇಯರ್‌ಬಡ್‌ನಲ್ಲಿ ಧ್ವನಿಯನ್ನು ಸಂಕ್ಷೇಪಿಸಿ, ಕಳುಹಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು, ಐದನೇ ಒಂದು ಭಾಗದಷ್ಟು ವಿಳಂಬವಾಗುವುದುಂಟು. ಹಾಡು ಕೇಳುವವನಿಗೆ ಇದು ತಿಳಿಯುವುದೇ ಇಲ್ಲ. ಮೈಕಿನ ಮುಂದೆ ಮಾತಾಡುವವರ ಪಾಡು ಬೇರೆ. ತನ್ನದೇ ದನಿ ತುಸು ತಡವಾಗಿ ಕಿವಿಗೆ ಬಿದ್ದರೆ ನಿರರ್ಗಳ ವಾಗ್ಮಿಯೂ ತೊದಲುತ್ತಾನೆ ಎಂಬುದನ್ನು ಬರ್ನಾರ್ಡ್ ಲೀ 1950ರಲ್ಲೇ ತೋರಿಸಿದ್ದ. ಮನಶ್ಶಾಸ್ತ್ರದ ಗೋಪಾಲಸ್ವಾಮಿಯವರಿಗೆ ಇದು ಬಹಳ ಹಿಡಿಸುತ್ತಿತ್ತೇನೋ! ಇನ್ನೊಂದು ಕಾರಣವೂ ಇದೆ. ಫ್ಯಾನಿನ ಗುಂಯ್‌ಗುಡುವಿಕೆ, ಕಾಗದದ ಸರಪರ, ಉಸಿರಿನ ಸದ್ದು ಇವನ್ನೆಲ್ಲ ಪತ್ತೆ ಹಚ್ಚುವುದೇ ಧ್ವನಿ ತಂತ್ರಜ್ಞನ ಕೆಲಸ. ಗದ್ದಲವನ್ನು ಅಡಗಿಸುವ ಸಾಧನ ಅವನಿಗೆ ಉಪಕಾರಿಯಲ್ಲ.

ಗದ್ದಲ ಅಡಗಿಸುವ ವಿದ್ಯೆಯೂ ಹಳೆಯದೇ. ಅಲೆಯ ಉಬ್ಬಿಗೆ ಸರಿಯಾಗಿ ತಗ್ಗನ್ನು ಒಡ್ಡಿದರೆ ಎರಡೂ ಇಲ್ಲವಾಗುತ್ತವೆ ಎಂಬ ತತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದು ಬಳಕೆಗೆ ಬರಲು ಅರ್ಧ ಶತಮಾನ ಹಿಡಿಯಿತು. ಬ್ರಿಟಿಷರ ಕಣ್ತಪ್ಪಿಸಿ ಅಮೆರಿಕ ಸೇರಿದ ಬಂಗಾಳದ ಕ್ರಾಂತಿಕಾರಿಯೊಬ್ಬರ ಮಗ ಅಮರ್ ಬೋಸ್, 1978ರಲ್ಲಿ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದೇ ಹೆಚ್ಚಾಗಿ ಕೇಳಿದ್ದರಿಂದ ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕತೊಡಗಿದರು. ವಿಮಾನ ಚಾಲಕರಿಗಾಗಿ ಅವರ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಆ್ಯಪಲ್ ಕಂಪನಿ 2016ರಲ್ಲಿ ಫೋನಿನಿಂದ ತಂತಿಯ ತೂತನ್ನೇ ತೆಗೆದು ಹಾಕಿದ ಮೇಲೆ ಈ ವಿದ್ಯೆ ಕಿವಿಯ ಕುಳಿಯೊಳಗೇ ಇಳಿಯಿತು.

ಈ ಉಪಾಯ ಚೆನ್ನಾಗಿ ನಡೆಯುವುದು ಎಂಜಿನ್ನಿನಂಥ ಒಂದೇ ಸಮನೆ ಬರುವ ತಗ್ಗು ಸದ್ದಿನ ಮೇಲೆ. ಹಠಾತ್ ಹಾರನ್ನು, ಯಾರೋ ಕೂಗಿದ ದನಿ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಆದರೂ ಕಿವಿಗೆ ಬಿಗಿಯಾಗಿ ಕೂತ ಬಿರಡೆ, ಒಳಗೆ ಸಂಗೀತ ಸೇರಿದರೆ ಹಾರನ್ನೂ ಮಂಕಾದೀತು. ಬಸ್ಸಿನೊಳಗೆ ವರವಾದದ್ದು ಜವನಗೊಂಡನಹಳ್ಳಿಯಲ್ಲಿ ಇಳಿದು ರಸ್ತೆ ದಾಟುವಾಗ ಅಪಾಯ. ಸೋನಿಯವರಿಗೆ ಇಂಥದೊಂದು ಅಳುಕು 1979ರಲ್ಲೇ ಇತ್ತು. ಒಬ್ಬನೇ ಕೇಳುವುದು ಅಸಭ್ಯವೆನಿಸೀತೆಂದು ಮೊದಲ ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ತೂತುಗಳನ್ನೂ, ಒತ್ತಿದರೆ ಹಾಡು ತಗ್ಗಿ ಹೊರಗಿನ ಮಾತು ಕೇಳುವ ಕಿತ್ತಳೆ ಬಣ್ಣದ ಗುಂಡಿಯನ್ನೂ ಇಟ್ಟಿದ್ದರು. ಇಂದಿನ ಹಲವು ಇಯರ್‌ಬಡ್‌ಗಳಲ್ಲಿ ಹೊರಗಿನ ಸದ್ದನ್ನು ಒಳಬಿಡುವ ಸೌಲಭ್ಯವಿದೆ. ರಸ್ತೆಗಿಳಿಯುವ ಮುನ್ನ ಅದನ್ನು ಒತ್ತಬೇಕು, ಅಷ್ಟೇ.

ಇನ್ನು ಜೇಬಿನ ಮಾತು. ಇಯರ್‌ಬಡ್‌ನೊಳಗಿನ ಕಾಳಿನಷ್ಟು ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಅಂಟು ಬಿಡಿಸಿ ಬದಲಾಯಿಸುವುದು ಕಷ್ಟ. ಸ್ಟುಡಿಯೊ ಹೆಡ್‌ಫೋನಿನ ದಪ್ಪ ಪ್ಲಗ್ಗಾದರೋ 19ನೇ ಶತಮಾನದ ಟೆಲಿಫೋನ್ ಸ್ವಿಚ್‌ಬೋರ್ಡಿನಿಂದ ಬಂದದ್ದು, 6.35 ಮಿಲಿಮೀಟರಿನ ಆ ಅಳತೆ ಇನ್ನೂ ಚಾಲ್ತಿಯಲ್ಲಿದೆ. ತಂತಿ ತುಂಡಾದರೆ ಬೆಸುಗೆ ಹಾಕಬಲ್ಲ ರೇಡಿಯೊ ರಿಪೇರಿಯವನೊಬ್ಬ ಸಿಕ್ಕರೆ ಸಾಕು.