ನೀರು ಹೊತ್ತ ತೊಗಲು

ಚನ್ನರಾಯಪಟ್ಟಣವೆಂದೊಡನೆ ಹಾಸನದ ಕಡೆಯ ಊರು ಶ್ರೋತೃಗಳ ನೆನಪಿಗೆ ಬರಬಹುದು. ನಾವು ಹೇಳಹೊರಟಿರುವುದು ದೇವನಹಳ್ಳಿ ತಾಲ್ಲೂಕಿನ ಹೋಬಳಿಯಾದ ಚನ್ನರಾಯಪಟ್ಟಣದ ಸೀಮೆಯಿಂದ ಮೊದಲಾಗುವ ಮಾತು. ಇದು ಕೆರೆಬಾವಿಗಳನ್ನು ನಂಬಿ ಬಾಳಿದ ನಾಡು. ಇಂತಹ ಬಯಲಿನಲ್ಲಿ ದಂಡು ಇಳಿದರೆ ಮದ್ದುಗುಂಡಿಗಿಂತ ಮೊದಲು ನೀರಿನ ಚಿಂತೆ ಹತ್ತುವುದು.

ದಂಡುಗಳಾದರೋ ಇಲ್ಲಿಗೆ ಮೇಲಿಂದ ಮೇಲೆ ಬಂದುವು. 1749ರಲ್ಲಿ ಮೈಸೂರಿನ ಸೇನೆಯು ದೇವನಹಳ್ಳಿಯ ಕೋಟೆಯನ್ನು ಮುತ್ತಿತು. ಹೈದರಾಲಿಯ ಪರಾಕ್ರಮವು ಬೆಳಕಿಗೆ ಬಂದುದು ಆ ಮುತ್ತಿಗೆಯಲ್ಲಿಯೇ. ಅವನ ಮಗ ಟೀಪು ಹುಟ್ಟಿದುದೂ ಅದೇ ಊರಿನಲ್ಲಿ. 1791ರ ಮಾರ್ಚಿ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರನ್‌ವಾಲೀಸನು ಒಂದು ವಾರದಲ್ಲಿ ಉತ್ತರಕ್ಕೆ ಹೊರಟು ದೇವನಹಳ್ಳಿಯನ್ನೂ ವಶಪಡಿಸಿಕೊಂಡನು.

ಆ ಕಾಲದ ದಂಡುಗಳ ನೀರು ನಡೆಯುತ್ತಿದ್ದುದು ತೊಗಲಿನಲ್ಲಿ. ಎತ್ತಿನ ಬೆನ್ನಿನ ಎರಡು ಮಗ್ಗುಲಲ್ಲಿ ಇಳಿಬಿಟ್ಟ ದೊಡ್ಡ ಚೀಲವು ಪಖಾಲಿ. ಆಡಿನ ಚರ್ಮವನ್ನು ಇಡಿಯಾಗಿ ಸುಲಿದು, ಕಾಲುಗಳ ತೂತುಗಳನ್ನು ಬಿಗಿದು, ಕೊರಳನ್ನೇ ಬಾಯಿಯಾಗಿ ಉಳಿಸಿಕೊಂಡುದು ಮಷಕು; ಇದನ್ನು ಆಳು ಹೆಗಲಿಗೆ ಹಾಕಿಕೊಳ್ಳುವನು. ಗಡಿಗೆಯು ದಾರಿಯಲ್ಲಿ ಒಡೆಯುವುದು, ಹಿತ್ತಾಳೆಯು ಭಾರವಾಗುವುದು. ತೊಗಲಾದರೆ ಒಡೆಯದು; ಬರಿದಾದಾಗ ಮಡಿಚಿಡಬಹುದು. ಅದರ ಮೈಯಿಂದ ಜಿನುಗುವ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುವುದು. ಇದನ್ನು ಹೊತ್ತವನಿಗೆ ಭಿಸ್ತಿಯೆಂದು ಹೆಸರು. ಪಾರಸಿಯಲ್ಲಿ ಸ್ವರ್ಗದವನೆಂದು ಇದರ ಅರ್ಥ. 1539ರಲ್ಲಿ ಚೌಸಾದ ಕಾಳಗದಲ್ಲಿ ಸೋತು ಗಂಗೆಯಲ್ಲಿ ಮುಳುಗಲಿದ್ದ ಹುಮಾಯೂನನು ನಿಜಾಮನೆಂಬ ಭಿಸ್ತಿಯ ಗಾಳಿ ತುಂಬಿದ ಮಷಕನ್ನು ಹಿಡಿದು ದಡ ಸೇರಿದನು. ಬಾದಶಹನು ಆ ಉಪಕಾರಕ್ಕೆ ಪ್ರತಿಯಾಗಿ ಅವನನ್ನು ಅಲ್ಪಕಾಲ ಸಿಂಹಾಸನದ ಮೇಲೆ ಕುಳ್ಳಿರಿಸಿದನು.

1786ರಲ್ಲಿ ಟೀಪು ಸುಲ್ತಾನನು ಕಾನ್‌ಸ್ಟಾಂಟಿನೋಪಲ್ಲಿಗೆ ರಾಯಭಾರಿಗಳನ್ನು ಕಳುಹಿದನು. ಆ ಆಟೋಮನ್ ಆಸ್ಥಾನದಲ್ಲಿ ನೀರಿನ ತೊಗಲಿಗೆ ಬೇರೊಂದು ಪದವಿಯೇ ಸಂದಿದ್ದಿತು. ಅಲ್ಲಿ ಅದರ ಹೆಸರು ಮತಾರ. ದಂಡಯಾತ್ರೆಯ ಸವಾರನು ಒಯ್ಯುತ್ತಿದ್ದ ಚೀಲಕ್ಕೆ ಅರಮನೆಯ ಕುಶಲಿಗಳು ಬಣ್ಣದ ತೊಗಲಿನ ಹೂಬಳ್ಳಿಗಳನ್ನು ಅಂಟಿಸಿ ಜರಿಯ ಕಸೂತಿ ಹಾಕಿದರು. ಕೊನೆಗೆ ಅದೇ ಆಕಾರವನ್ನು ಚಿನ್ನದಲ್ಲಿಯೂ ಸ್ಫಟಿಕದಲ್ಲಿಯೂ ತೆಗೆದರು. ಹದಿನಾರನೆಯ ಶತಮಾನದ ಅಂತಹ ರತ್ನಖಚಿತ ಮತಾರವು ಇಸ್ತಾಂಬೂಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ಚಿನ್ನಕ್ಕೆ ತೊಗಲಿನಂತೆ ಬಳುಕುವ ಅಗತ್ಯವಿಲ್ಲ. ಆದರೂ ಅಕ್ಕಸಾಲಿಗನು ಆ ಹಳೆಯ ರೂಪವನ್ನು ಬಿಡಲಿಲ್ಲ. ಕುದುರೆಯ ಮೇಲೆ ಬಾಳಿದವರ ವಂಶಕ್ಕೆ ಅದು ಹಿರಿಯರ ನೆನಪಾಗಿದ್ದಿತೆಂದು ನಮಗೆ ತೋರುತ್ತದೆ.

ನಮ್ಮ ಸೀಮೆಯ ಬರಿಯ ಪಖಾಲಿಯನ್ನು ಯಾರೂ ರತ್ನದಲ್ಲಿ ಕೆತ್ತಲಿಲ್ಲ. ಅದನ್ನು ಮಾಡಿದ ಕೈಗಳ ಮಾತನ್ನಾದರೂ ಹೇಳಬೇಕು. ತಂಗಡಿಯ ತೊಗಟೆಯಲ್ಲಿ ತೊಗಲನ್ನು ನೆನೆಹಾಕಿ ಹದಮಾಡಿದವರು ಊರ ಹೊರಗಿನ ಕೇರಿಯವರು. ಹೊಲತೋಟಗಳಿಗೆ ನೀರೆತ್ತಿದ ಕಪಿಲೆಯ ಚೀಲವೂ ಅವರ ಕೆಲಸವೇ. ತೊಗಲಿನ ನೀರು ಮೈಲಿಗೆಯೆಂದು ಕುಡಿಯದಿದ್ದವರೂ ಆ ಕಪಿಲೆಯ ನೀರಿನಿಂದ ಬೆಳೆದ ಧಾನ್ಯವನ್ನು ಉಂಡರು. ಆದರೆ ಕಪಿಲೆಯ ಚೀಲವು ಇಳಿಯುತ್ತಿದ್ದ ಬಾವಿಗೆ ಅದನ್ನು ಹೊಲಿದವನು ಕೊಡವಿಳಿಸುವಂತಿರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಬಾವಿ, ಕೆರೆಗಳನ್ನು ಹೆಸರು ಹಿಡಿದೇ ಹೇಳಿ ಈ ತಡೆಯನ್ನು ನಿಷೇಧಿಸಬೇಕಾಯಿತು.

ಸುಲ್ತಾನರ ಮತಾರಗಳನ್ನು ನೋಡಿ ನಾವು ಮೆಚ್ಚೋಣ; ಮೆಚ್ಚತಕ್ಕ ವಸ್ತುಗಳೇ ಅವು. ಸಾವಿರಾರು ಜನರ ದಾಹವನ್ನು ಕಳೆದ ಚೀಲವು ಮಾತ್ರ ಸವೆದು ಹರಿದು ಮಣ್ಣಾಯಿತು. ಅದನ್ನು ಹೊಲಿದವರ ಹೆಸರು ಯಾವ ಬಖೈರಿನಲ್ಲಿಯೂ ಸೇರಲಿಲ್ಲ.