ಶುಶ್ರೂಷಾವಿದ್ಯೆಯ ಸೋಪಾನಗಳು

ರೋಗಿಯ ಹಾಸಿಗೆಯ ಬಳಿಯಲ್ಲಿ ಹಗಲಿರುಳೂ ಎಚ್ಚತ್ತಿದ್ದು ಸೇವೆಗೈಯುವುದು ಕೇವಲ ದಯಾಗುಣದ ಕಾರ್ಯವೋ, ಅಥವಾ ಗುರುಮುಖದಿಂದ ಕಲಿತು ಅಭ್ಯಾಸದಿಂದ ಬಲಿಯಿಸತಕ್ಕ ವಿದ್ಯೆಯೋ ಎಂಬ ಪ್ರಶ್ನೆಯು ಬಹು ಪುರಾತನವಾದುದು. ದಯೆಯೊಂದೇ ಸಾಕೆಂದವರು ಶುಶ್ರೂಷಕರನ್ನು ಆಳುಗಳಂತೆ ನಡೆಯಿಸಿಕೊಂಡರು. ವಿದ್ಯೆಯೊಂದೇ ಸಾಕೆಂದವರು ಪರೀಕ್ಷೆಯ ಪ್ರಶಸ್ತಿಪತ್ರದಿಂದಲೇ ತೃಪ್ತರಾದರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವ ಪ್ರಯತ್ನವೇ ಈ ವಿದ್ಯೆಯ ಚರಿತ್ರೆಯಾಗಿರುವುದು.

ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರರು ಈ ವಿಷಯವನ್ನು ಸೂಕ್ಷ್ಮವಾಗಿ ವಿಚಾರಮಾಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿರುವರು. ಪರಿಚಾರಕನಿಗೆ ಹೇಳಿದ ಗುಣಗಳಾವುವೆಂದರೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇವುಗಳಲ್ಲಿ ಮೊದಲಿನೆರಡು ಕಲಿತು ಬರುವಂಥವು. ಅನುರಾಗವು ಹೃದಯದ ಗುಣ. ಶುಚಿತ್ವವು ನಿತ್ಯನಡತೆಯ ಗುಣ. ಅದೇ ಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ರೋಗಿಯನ್ನು ಎತ್ತುವುದು, ಮಲಗಿಸುವುದು, ಸ್ನಾನಮಾಡಿಸುವುದು, ಹಾಸಿಗೆ ಹಾಸುವುದು, ಔಷಧ ಅರೆಯುವುದು, ಪಥ್ಯದಡಿಗೆ ಮಾಡುವುದು ಮುಂತಾದ ಕೆಲಸಗಳಲ್ಲಿ ನುರಿತ ಪರಿಚಾರಕರು ಇರತಕ್ಕದ್ದೆಂದು ಹೇಳಿದೆ. ಪರಿಚಾರಕನನ್ನೂ ವೈದ್ಯನಂತೆಯೇ ಒಂದು ಪಾದವೆಂದು ಎಣಿಸಿದುದು ಗಮನಿಸತಕ್ಕ ಸಂಗತಿಯು.

ಯೂರೋಪ್ ಖಂಡದಲ್ಲಿ ಈ ವೃತ್ತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ರೂಪವನ್ನು ತಾಳಿತು. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಫ್ಲೀಡ್ನರನು 1836ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆಯು 1851ರಲ್ಲಿ ಶಿಕ್ಷಣ ಪಡೆದಳು. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ಸ್ತ್ರೀಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋಗಿ ಅವಳು ಮಾಡಿದ ಸೇವೆಯು ಲೋಕವಿಖ್ಯಾತವಾದುದು. ಕೃತಜ್ಞರಾದ ಜನರು ಕೂಡಿಸಿದ ಸುಮಾರು 45,000 ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾಶಾಲೆಯು ಆರಂಭವಾಯಿತು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯ ನಡತೆಯನ್ನೂ ಕೈಕೆಲಸವನ್ನೂ ಬೇರೆ ಬೇರೆಯಾಗಿ ಬರೆದಿಟ್ಟು, ಶ್ರೇಷ್ಠ, ಉತ್ತಮ, ಮಧ್ಯಮ, ಅಪೂರ್ಣ, ಶೂನ್ಯವೆಂಬ ದರ್ಜೆಗಳನ್ನು ಕೊಡುತ್ತಿದ್ದರು. ಕಾಲನಿಷ್ಠೆ, ಮಿತಭಾಷಿತ್ವ, ನಂಬಿಕೆಗೆ ಪಾತ್ರಳಾಗಿರುವಿಕೆ, ಶುಚಿತ್ವ ಇವೆಲ್ಲವೂ ಆ ಪಟ್ಟಿಯೊಳಗಿದ್ದುವು. ಚರಕನು ಹೇಳಿದ ಗುಣಗಳೇ ಬೇರೊಂದು ದೇಶದಲ್ಲಿ, ಬೇರೊಂದು ಕಾಲದಲ್ಲಿ ಮತ್ತೆ ಕಾಣಿಸಿಕೊಂಡುವೆಂದರೂ ಸಲ್ಲುವುದು.

ಆದರೆ ಈ ಗುಣಗಳನ್ನು ಅಳೆಯುವ ಬಗೆ ಯಾವುದು ಎಂಬ ವಿಷಯದಲ್ಲಿ ದೊಡ್ಡ ವಿವಾದವೇ ಎದ್ದಿತು. 1881ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಮೇಟ್ರನ್ ಆಗಿ, 1887ರಲ್ಲಿ ಬ್ರಿಟಿಷ್ ನರ್ಸುಗಳ ಸಂಘವನ್ನು ಕಟ್ಟಿದ ಎಥೆಲ್ ಫೆನ್‌ವಿಕ್ ಎಂಬವಳು, ಮೂರು ವರ್ಷಗಳ ಶಿಕ್ಷಣವನ್ನು ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರನ್ನು ಮಾತ್ರ ಸರ್ಕಾರದ ಪಟ್ಟಿಯಲ್ಲಿ ದಾಖಲಿಸಬೇಕೆಂದು ವಾದಿಸಿದಳು. ಒಳ್ಳೆಯ ಶುಶ್ರೂಷಕಿಯ ಮುಖ್ಯ ಗುಣಗಳು ಪರೀಕ್ಷೆಗೆ ಸಿಕ್ಕುವಂಥವಲ್ಲವೆಂದು ನೈಟಿಂಗೇಲಳು ಅದನ್ನು ವಿರೋಧಿಸಿದಳು. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು. ದಾಖಲೆಯಿಲ್ಲದಿದ್ದರೆ ಏನೂ ಕಲಿಯದವರು ನರ್ಸುಗಳೆಂದು ಹೇಳಿಕೊಂಡು ರೋಗಿಗಳ ಪ್ರಾಣಕ್ಕೆ ಎರವಾಗುವರು. ದಾಖಲೆಯೊಂದೇ ಆದರೆ ಹೆಸರು ಬರೆಯಿಸಿದ ದಿನವೇ ಕಲಿಕೆಯು ಮುಗಿಯಿತೆಂಬ ಭ್ರಾಂತಿ ಹುಟ್ಟುವುದು. ನ್ಯೂಜಿಲೆಂಡ್ 1901ರಲ್ಲಿಯೂ ಬ್ರಿಟನ್ 1919ರಲ್ಲಿಯೂ ನೋಂದಣಿಯ ಶಾಸನವನ್ನು ಮಾಡಿದುವು. ಫೆನ್‌ವಿಕ್ಕಳ ಪಕ್ಷವು ಗೆದ್ದಿತಾದರೂ ನೈಟಿಂಗೇಲಳ ಆಕ್ಷೇಪಣೆಗೆ ಉತ್ತರವು ದೊರೆಯದೆ ಉಳಿಯಿತು.

ಭಾರತದಲ್ಲಿ 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯು ಮೊದಲಾಯಿತು. 1908ರಲ್ಲಿ ತರಬೇತಾದ ನರ್ಸುಗಳ ಸಂಘವು ಹುಟ್ಟಿತು. ಆದರೂ ವೃತ್ತಿಯ ಬೆಳೆವಣಿಗೆ ಬಹು ನಿಧಾನವಾಗಿದ್ದಿತು. ಕುಲೀನ ಮನೆತನಗಳು ತಮ್ಮ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಲು ಹಿಂಜರಿದುದೂ, ಮಲಮೂತ್ರಗಳನ್ನು ಮುಟ್ಟುವ ಕೈಯನ್ನು ಸಮಾಜವು ಕೀಳಾಗಿ ಕಂಡುದೂ ಇದಕ್ಕೆ ಕಾರಣಗಳು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಂತೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000 ಮಂದಿ. ಅಂದರೆ 43,000 ಜನರಿಗೆ ಒಬ್ಬರು. ಆ ವರ್ಷವೇ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿ ಶಿಕ್ಷಣವು ಆರಂಭವಾಯಿತು. 1947ರ ಶಾಸನದಿಂದ ಭಾರತೀಯ ನರ್ಸಿಂಗ್ ಪರಿಷತ್ತು ಏರ್ಪಟ್ಟು, ಪ್ರಾಂತಪ್ರಾಂತಕ್ಕೆ ಬೇರೆಬೇರೆಯಾಗಿದ್ದ ಶಿಕ್ಷಣಕ್ಕೆ ಏಕರೂಪವನ್ನು ತರುವ ಕಾರ್ಯವನ್ನು ಕೈಕೊಂಡಿತು. ಮುಂದೆ 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣವೂ ಬಂದಿತು. ಕನ್ನಡನಾಡಿನಲ್ಲಿ, 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮನೋರೋಗಿಗಳ ಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣವನ್ನು ಕೊಟ್ಟು ಈ ವಿದ್ಯೆಗೆ ಮತ್ತೊಂದು ಶಾಖೆಯನ್ನು ಬೆಳೆಯಿಸಿತು. 1947ರ ಶಾಸನಕ್ಕೆ ಬದಲಾಗಿ ರಾಷ್ಟ್ರೀಯ ಆಯೋಗವನ್ನು ಏರ್ಪಡಿಸುವ ಶಾಸನವನ್ನು ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿತು.

ಹೀಗೆ ಶಿಕ್ಷಣದ ಮೆಟ್ಟಿಲುಗಳು ಸಿದ್ಧವಾದುವು. ಆದರೆ ಶಾಲೆಯಿಂದ ಹೊರಬಂದಮೇಲೆ ಏರತಕ್ಕ ಮೆಟ್ಟಿಲುಗಳು ಯಾವುವು? ನೈಟಿಂಗೇಲಳ ಆಕ್ಷೇಪಣೆಯು ಮರಳಿ ತಲೆಯೆತ್ತಿದುದು ಇಲ್ಲಿಯೇ. ಇದಕ್ಕೆ ಅಮೆರಿಕದ ಪ್ಯಾಟ್ರೀಷಿಯಾ ಬೆನ್ನರ್ ಎಂಬ ವಿದುಷಿಯು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಉತ್ತರವನ್ನಿತ್ತಳು. ಡ್ರೈಫಸ್ ಸಹೋದರರು ಚದುರಂಗದ ಆಟಗಾರರನ್ನೂ ವಿಮಾನಚಾಲಕರನ್ನೂ ಪರೀಕ್ಷಿಸಿ ಕಂಡುಕೊಂಡ ಕ್ರಮವನ್ನು ಅವಳು ಶುಶ್ರೂಷೆಗೆ ಅನ್ವಯಿಸಿ ಐದು ಅವಸ್ಥೆಗಳನ್ನು ವಿವರಿಸಿದಳು. ಮೊದಲನೆಯವಳು ನೂತನಾಭ್ಯಾಸಿ, ಸೂತ್ರವನ್ನು ನೋಡಿ ನಡೆಯುವಳೇ ಹೊರತು ಸಂದರ್ಭವನ್ನು ಅರಿಯಳು. ಎರಡನೆಯವಳು ಅನುಭವದ ರುಚಿಯನ್ನು ಆಗತಾನೇ ಕಂಡವಳು. ಕೆಲವು ಲಕ್ಷಣಗಳನ್ನು ತಾನೇ ಗುರುತಿಸಬಲ್ಲಳು. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷಗಳನ್ನು ಕಳೆದ ಮೂರನೆಯವಳು ಸಮರ್ಥೆ. ಯಾವುದು ಮೊದಲು, ಯಾವುದು ತರುವಾಯ ಎಂದು ಯೋಚಿಸಿ ಕೆಲಸವನ್ನು ಜೋಡಿಸಿಕೊಳ್ಳುವಳು. ನಾಲ್ಕನೆಯವಳು ಪ್ರವೀಣೆ, ರೋಗಿಯ ಸ್ಥಿತಿಯನ್ನು ತುಂಡುತುಂಡಾಗಿ ನೋಡದೆ ಒಟ್ಟಾಗಿ ಗ್ರಹಿಸುವಳು. ಐದನೆಯವಳು ನಿಷ್ಣಾತೆ, ನಾಡಿಯ ಎಣಿಕೆಯೂ ರಕ್ತದೊತ್ತಡದ ಅಂಕೆಯೂ ಇನ್ನೂ ಬದಲಾಗದಿರುವಾಗಲೇ, ರೋಗಿಯ ಮುಖಚ್ಛಾಯೆಯಲ್ಲಿಯೋ ಉಸಿರಿನಲ್ಲಿಯೋ ತೋರುವ ಸೂಕ್ಷ್ಮಭೇದದಿಂದ ಅಪಾಯವನ್ನು ಅರಿತು ಡಾಕ್ಟರನ್ನು ಕರೆಯಿಸುವಳು. ಇದು ದೈವದತ್ತವಾದ ಶಕ್ತಿಯೆಂದು ತಿಳಿಯಲಾಗದು. ಸಾವಿರಾರು ರಾತ್ರಿಗಳ ಎಚ್ಚರದ ಫಲವದು. ಬೇರೊಂದು ವಾರ್ಡಿಗೆ ಹೊಸದಾಗಿ ಬಂದ ನಿಷ್ಣಾತೆಯೂ ಅಲ್ಲಿ ಸ್ವಲ್ಪಕಾಲ ನೂತನಾಭ್ಯಾಸಿಯೇ ಆಗುವಳು ಎಂಬುದು ಈ ವಿಚಾರದ ಮತ್ತೊಂದು ಮುಖ್ಯಾಂಶವು.

ಈ ಅರಿವಿನಿಂದ ಹುಟ್ಟುವ ಪ್ರಶ್ನೆಯು ಗುರುತರವಾದುದು. ಆಸ್ಪತ್ರೆಗಳ ಹಳೆಯ ಪದ್ಧತಿಯಲ್ಲಿ ಸ್ಟಾಫ್ ನರ್ಸು ವಾರ್ಡ್ ಸಿಸ್ಟರಾಗುವಳು. ಸಿಸ್ಟರು ಮೇಟ್ರನ್ ಆಗುವಳು. ಒಂದೊಂದು ಮೆಟ್ಟಿಲು ಏರಿದಂತೆಲ್ಲ ಅವಳು ಹಾಸಿಗೆಯಿಂದ ದೂರವಾಗಿ ಲೆಕ್ಕಪತ್ರಗಳಿಗೆ ಹತ್ತಿರವಾಗುವಳು. ಆಡಳಿತವೂ ಅವಶ್ಯವೇ, ಅದನ್ನು ಹಳಿಯತಕ್ಕದ್ದಲ್ಲ. ಆದರೆ ಗೌರವವೂ ವೇತನವೂ ಅದೊಂದೇ ದಾರಿಯಲ್ಲಿದ್ದರೆ, ಅತ್ಯಂತ ಅಸ್ವಸ್ಥನಾದ ರೋಗಿಯು ಅತ್ಯಂತ ಹೊಸಬಳ ಕೈಯಲ್ಲಿ ಉಳಿಯುವನು. ಈ ದೋಷವನ್ನು ಕಂಡೇ ಅಮೆರಿಕದ ಆಸ್ಪತ್ರೆಗಳು 1970ರ ದಶಕದಿಂದ ಈಚೆಗೆ, ಹಾಸಿಗೆಯ ಬಳಿಯಲ್ಲಿಯೇ ಇದ್ದುಕೊಂಡು ದರ್ಜೆ ಏರುವ ಬೇರೊಂದು ಸೋಪಾನವನ್ನು ಕಲ್ಪಿಸತೊಡಗಿದುವು. 1983ರಲ್ಲಿ ಅಲ್ಲಿಯ ಶುಶ್ರೂಷಾ ಅಕಾಡೆಮಿಯು 163 ಆಸ್ಪತ್ರೆಗಳನ್ನು ಪರಿಶೀಲಿಸಿ, ನುರಿತ ನರ್ಸುಗಳನ್ನು ಸೆಳೆದು ಉಳಿಸಿಕೊಂಡವುಗಳೆಂದು 41ನ್ನು ಆರಿಸಿತು; ಅಂಥಲ್ಲಿ ನರ್ಸುಗಳ ಮಾತಿಗೆ ಬೆಲೆಯೂ ಕಲಿಕೆಗೆ ಅವಕಾಶವೂ ಇದ್ದುದು ಕಂಡುಬಂದಿತು. ಭಾರತದಲ್ಲಿ ಈ ಶತಮಾನದ ಎರಡನೆಯ ದಶಕದಲ್ಲಿ ತೀವ್ರನಿಗಾ ಶುಶ್ರೂಷೆಯ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ಪರಿಷತ್ತು ರೂಪಿಸಿದುದೂ ಅದೇ ದಿಕ್ಕಿನ ಹೆಜ್ಜೆಯು.

ಚರಿತ್ರೆಯಿಂದ ತಿಳಿಯತಕ್ಕದ್ದು ಇಷ್ಟು: ತಿಳಿವಳಿಕೆಯನ್ನು ಶಾಲೆಯು ಕೊಡುವುದು, ಅದನ್ನು ಪರೀಕ್ಷೆಯು ಅಳೆಯುವುದು. ದಕ್ಷತೆಯು ಮಾತ್ರ ವರ್ಷಗಳನ್ನು ಬೇಡುವುದು. ಅನುರಾಗವು ಬೇಸರವಿಲ್ಲದೆ ಉಳಿಯಬೇಕಾದರೆ ಗೌರವವನ್ನೂ ಬಿಡುವನ್ನೂ ಬೇಡುವುದು. ಆಸ್ಪತ್ರೆಯನ್ನು ಕಟ್ಟಿಸುವ ದಾನಿಗಳೂ, ನಡೆಯಿಸುವ ಸಂಸ್ಥೆಗಳೂ, ಅಲ್ಲಿ ತಮ್ಮವರನ್ನು ಒಪ್ಪಿಸಿ ಬರುವ ಗೃಹಸ್ಥರೂ ಕಟ್ಟಡದ ಕಲ್ಲನ್ನೂ ಯಂತ್ರದ ಬೆಲೆಯನ್ನೂ ನೋಡುವಂತೆಯೇ, ರಾತ್ರಿಯ ಪಾಳಿಯಲ್ಲಿ ಹಾಸಿಗೆಯ ಬಳಿ ಯಾರು ನಿಂತಿರುವರು, ಅವರಿಗೆ ಮುಂದೆ ಏರಲು ಮೆಟ್ಟಿಲುಂಟೆ ಎಂಬುದನ್ನೂ ವಿಚಾರಿಸತಕ್ಕದ್ದು. ಚಿಕಿತ್ಸೆಯ ಮೂರನೆಯ ಪಾದವು ಕುಂಟಿದರೆ ಉಳಿದ ಮೂರೂ ಎಷ್ಟು ಬಲವಾಗಿದ್ದರೂ ರೋಗಿಗೆ ಪೂರ್ಣಫಲವು ದೊರೆಯಲಾರದು.