ಶಾಪ್ಟಲೀಕರಣ: ದ್ರಾಕ್ಷಿರಸಕ್ಕೆ ಸಕ್ಕರೆ ಬೆರೆಸುವ ವಿಧಾನ

ಅರ್ಥ

ದ್ರಾಕ್ಷಿರಸ ಹುದುಗುವ ಮೊದಲು ಅಥವಾ ಹುದುಗಲು ತೊಡಗಿದ ಹೊಸತರಲ್ಲಿ ಅದಕ್ಕೆ ಸಕ್ಕರೆ ಬೆರೆಸಿ, ವೈನಿನ ಮದ್ಯಸಾರವನ್ನು ಹೆಚ್ಚಿಸುವ ಕ್ರಮಕ್ಕೆ ಶಾಪ್ಟಲೀಕರಣ ಎಂದು ಹೆಸರು. ವೈನನ್ನು ಸಿಹಿ ಮಾಡುವುದು ಇದರ ಉದ್ದೇಶವಲ್ಲ. ಬೆರೆಸಿದ ಸಕ್ಕರೆಯನ್ನು ಯೀಸ್ಟ್ ಪೂರ್ತಿಯಾಗಿ ಬಳಸಿಕೊಳ್ಳುವುದರಿಂದ ಸಿದ್ಧವಾದ ವೈನಿನಲ್ಲಿ ಅದರ ಸಿಹಿ ಉಳಿಯುವುದಿಲ್ಲ.

ಹೆಸರಿನ ಮೂಲ

ಈ ಪದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜ್ಯಾನ್-ಆಂತ್ವಾನ್ ಶಾಪ್ಟಲ್ (1756–1832) ಅವರ ಹೆಸರಿನಿಂದ ಬಂದಿದೆ. ಮಾಂಪೆಲ್ಯೇ ನಗರದಲ್ಲಿ ವೈದ್ಯಶಾಸ್ತ್ರ ಕಲಿತು ಅಲ್ಲಿಯೇ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ನೆಪೋಲಿಯನ್ನನ ಆಡಳಿತದಲ್ಲಿ ಒಳಾಡಳಿತ ಮಂತ್ರಿಯಾದರು. 1801ರಲ್ಲಿ ಪ್ರಕಟವಾದ ದ್ರಾಕ್ಷಿ ಕೃಷಿ ಮತ್ತು ವೈನ್ ತಯಾರಿಕೆಯ ಗ್ರಂಥದಲ್ಲಿ ಅವರು ಈ ವಿಧಾನವನ್ನು ಶಿಫಾರಸು ಮಾಡಿದರು.

ಆದರೆ ವಿಧಾನವನ್ನು ಕಂಡುಹಿಡಿದವರು ಅವರಲ್ಲ. 1776ರ ಶರತ್ಕಾಲದಲ್ಲಿಯೇ ರಸಾಯನಶಾಸ್ತ್ರಜ್ಞ ಪ್ಯೇರ್ ಮಾಕೇರ್ ಪ್ಯಾರಿಸಿನ ತೋಟವೊಂದರ ಹುಳಿ ದ್ರಾಕ್ಷಿಯ ರಸಕ್ಕೆ ಸಕ್ಕರೆ ಹಾಕಿ ಒಳ್ಳೆಯ ವೈನ್ ಪಡೆದಿದ್ದರು. ಹೆಸರು ಮಾತ್ರ ಅಧಿಕಾರದಲ್ಲಿದ್ದು ಪ್ರಚಾರ ಕೊಟ್ಟವರಿಗೆ ಸಂದಿತು. ವಿಜ್ಞಾನದ ಇತಿಹಾಸದಲ್ಲಿ ಇದು ಅಪರೂಪವಲ್ಲ.

ಕ್ರಿಯೆ ನಡೆಯುವ ಬಗೆ

ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1ರಷ್ಟು ಮದ್ಯಸಾರ ದೊರೆಯುತ್ತದೆ. ಬಿಸಿಲು ಸಾಲದ ವರ್ಷದಲ್ಲಿ ರಸದಲ್ಲಿ ಲೀಟರಿಗೆ 170 ಗ್ರಾಂ ಸಕ್ಕರೆ ಮಾತ್ರ ಇದ್ದರೆ ವೈನಿನ ಬಲ ಶೇ. 10ಕ್ಕೆ ನಿಲ್ಲುತ್ತದೆ. ಅದನ್ನು ಶೇ. 12ಕ್ಕೆ ಏರಿಸಬೇಕಾದರೆ ಸಾವಿರ ಲೀಟರಿಗೆ ಸುಮಾರು 34 ಕಿಲೋ ಸಕ್ಕರೆ ಬೇಕು. ತಯಾರಕರು ಮೊದಲು ರಸದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದು, ಕೊರತೆಯನ್ನು ಲೆಕ್ಕಹಾಕಿ, ಸಕ್ಕರೆಯನ್ನು ಸ್ವಲ್ಪ ರಸದಲ್ಲಿ ಕರಗಿಸಿ ತೊಟ್ಟಿಗೆ ಸೇರಿಸುತ್ತಾರೆ. ಕರಗದ ಸಕ್ಕರೆ ತಳದಲ್ಲಿ ಕೂತರೆ ಲೆಕ್ಕವೆಲ್ಲ ವ್ಯರ್ಥ.

ಸುಧಾರಣೆ ಬಲಕ್ಕೆ ಮಾತ್ರ ಸೀಮಿತ. ಕಾಯಿಯಾಗಿದ್ದಾಗಲೇ ಕಿತ್ತ ಹಣ್ಣಿಗೆ ಪರಿಮಳವನ್ನು ಸಕ್ಕರೆ ತಂದುಕೊಡಲಾರದು.

ವಿವಾದ

ಬೀಟ್‌ರೂಟ್ ಸಕ್ಕರೆ ಅಗ್ಗವಾದಂತೆ ದುರುಪಯೋಗವೂ ಬೆಳೆಯಿತು. ಫಿಲೋಕ್ಸೆರಾ ಎಂಬ ಕೀಟ ಫ್ರಾನ್ಸಿನ ತೋಟಗಳನ್ನು ಹಾಳುಮಾಡಿದ ಕಾಲದಲ್ಲಿ, 1884ರ ಕಾನೂನು ವೈನ್ ತಯಾರಿಕೆಯ ಸಕ್ಕರೆಯ ಮೇಲಿನ ತೆರಿಗೆಯನ್ನು ತಗ್ಗಿಸಿತು. ಹಿಂಡಿದ ಚರಟಕ್ಕೆ ನೀರು ಮತ್ತು ಸಕ್ಕರೆ ಬೆರೆಸಿ ಮತ್ತೊಂದು ಸರದಿ ‘ವೈನ್’ ತೆಗೆಯುವುದು ಹಲವರಿಗೆ ಲಾಭದ ದಾರಿಯಾಯಿತು. ಬೆಲೆ ಕುಸಿದಾಗ ದಕ್ಷಿಣದ ಲಾಂಗ್‌ಡಾಕ್ ಪ್ರಾಂತದ ಬೆಳೆಗಾರರು ಈ ಕೃತಕ ವೈನನ್ನೇ ದೂರಿದರು. 1907ರಲ್ಲಿ ಮಾರ್ಸೆಲಾಂ ಆಲ್ಬೇರ್ ನೇತೃತ್ವದಲ್ಲಿ ಲಕ್ಷಾಂತರ ಜನ ಬೀದಿಗಿಳಿದರು; ಜೂನ್ ತಿಂಗಳಲ್ಲಿ ನಾರ್ಬೊನ್ ನಗರದಲ್ಲಿ ಸೈನಿಕರ ಗುಂಡಿಗೆ ಪ್ರತಿಭಟನಕಾರರು ಬಲಿಯಾದರು. ಅದೇ ಜೂನ್ 29ರ ಕಾನೂನು ಸಕ್ಕರೆಯ ಬಳಕೆಗೆ ಕಡಿವಾಣ ಹಾಕಿತು. ಮಿತವಾಗಿ ಬಳಸಿದರೆ ಶಾಪ್ಟಲೀಕರಣ ಕಲಬೆರಕೆಯಲ್ಲ. ಸಕ್ಕರೆಯ ಜೊತೆಗೆ ನೀರೂ ಸೇರಿದಾಗ ಅದು ನಿಸ್ಸಂದೇಹವಾಗಿ ಮೋಸ.

ಬಳಕೆ ಮತ್ತು ನಿಯಮ

ಐರೋಪ್ಯ ಒಕ್ಕೂಟ ವೈನ್ ಪ್ರದೇಶಗಳನ್ನು ಹವಾಮಾನಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿದೆ. ಅತಿ ಶೀತಲ ವಲಯದಲ್ಲಿ ಮದ್ಯಸಾರವನ್ನು ಗರಿಷ್ಠ ಶೇ. 3ರಷ್ಟು, ಷಾಂಪೇನ್ ಮತ್ತು ಅಲ್ಸಾಸ್ ಸೇರಿದ ವಲಯದಲ್ಲಿ ಶೇ. 2ರಷ್ಟು, ಬೆಚ್ಚಗಿನ ವಲಯಗಳಲ್ಲಿ ಶೇ. 1.5ರಷ್ಟು ಏರಿಸಬಹುದು. ಇಟಲಿಯಲ್ಲಿ ಸಕ್ಕರೆ ಹಾಕುವುದು ನಿಷಿದ್ಧ. ಗಟ್ಟಿಗೊಳಿಸಿದ ದ್ರಾಕ್ಷಿರಸಕ್ಕೆ ಮಾತ್ರ ಅವಕಾಶವಿದೆ. ಜರ್ಮನಿಯ ಬಾಟಲಿಯ ಮೇಲೆ ‘ಪ್ರೆಡಿಕಾಟ್ಸ್‌ವೈನ್’ ಎಂದಿದ್ದರೆ ಅದರ ರಸಕ್ಕೆ ಸಕ್ಕರೆ ಬೆರೆಸುವಂತಿಲ್ಲ.

ಕರಗಿಹೋದ ಸಕ್ಕರೆಯನ್ನು ಪತ್ತೆಹಚ್ಚುವುದೂ ಸಾಧ್ಯ. ನಾಂತ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪರೀಕ್ಷೆಯೊಂದು ಮದ್ಯಸಾರದ ಅಣುಗಳಲ್ಲಿರುವ ಡ್ಯೂಟೀರಿಯಂ ಪ್ರಮಾಣವನ್ನು ಅಳೆದು, ಅದು ದ್ರಾಕ್ಷಿಯದೋ ಬೀಟ್‌ರೂಟಿನದೋ ಎಂದು ತಿಳಿಸುತ್ತದೆ.

ಭೂಮಿ ಬಿಸಿಯಾಗುತ್ತಿರುವಂತೆ ಯೂರೋಪಿನ ಹಣ್ಣುಗಳಲ್ಲಿ ಸಕ್ಕರೆ ಹೆಚ್ಚುತ್ತಿದ್ದು, ಈ ವಿಧಾನದ ಅಗತ್ಯ ಕಡಿಮೆಯಾಗುತ್ತಿದೆ. ಜರ್ಮನಿಯ ಬಾಟಲಿಯ ಮೇಲೆ ‘ಪ್ರೆಡಿಕಾಟ್ಸ್‌ವೈನ್’ ಎಂದಿದ್ದರೆ ಅದರ ರಸಕ್ಕೆ ಸಕ್ಕರೆ ಬೆರೆಸುವಂತಿಲ್ಲ.